ಟಮಾಟಿಗೆ ಬೇಕಾದದ್ದು ಬಿಸಿಲೇ?

ಸೇಡಂ ರಸ್ತೆಯ ಒಂದು ನರ್ಸರಿಯಲ್ಲಿ ಕಿವಿಗೆ ಬಿದ್ದ ಮಾತು ಇನ್ನೂ ಕೊರೆಯುತ್ತಿದೆ. ಮಾಳಿಗೆ ಮೇಲೆ ಟಮಾಟಿ ಹಚ್ಚಿದವರೊಬ್ಬರು, ಕಾಯಿ ಕೆಂಪಾಗದೆ ಹಳದಿಗೇ ನಿಂತುಬಿಟ್ಟಿವೆ ಎಂದು ಹೇಳಿಕೊಂಡರು. ಅಂಗಡಿಯವರ ಉತ್ತರ ಸಿದ್ಧವಿತ್ತು: "ಪ್ಲಾಸ್ಟಿಕ್ ಮನಿ ಮಾಡಸ್ರಿ ಸರ್, ಕಾವು ಹಿಡೀತದ. ಕಾಯಿ ಮ್ಯಾಲಿನ ಎಲಿ ತೆಗೀರಿ, ಬಿಸಿಲು ಬಿದ್ರ ಲಗೂನ ಕೆಂಪಾಗ್ತಾವ." ಆಗ ಮಾರ್ಚ್ ತಿಂಗಳ ಮಧ್ಯಾಹ್ನ. ಕಲಬುರಗಿಯ ಮಾರ್ಚ್ ಮಧ್ಯಾಹ್ನಕ್ಕೆ ಇನ್ನಷ್ಟು ಕಾವು ಸೇರಿಸಬೇಕು ಎನ್ನುವ ಸಲಹೆ ಎಲ್ಲಿಂದ ಬಂತು?

ಬಂದದ್ದು ಚಳಿ ದೇಶದಿಂದ. ಪ್ಲಾಸ್ಟಿಕ್ ಹಸಿರುಮನೆ ಹುಟ್ಟಿದ್ದೇ ಅಲ್ಲಿ. ಗಾಜಿನ ಮನೆ ಕಟ್ಟಲು ಹಣ ಸಾಲದೆ, ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಇ. ಎಂ. ಎಮರ್ಟ್ 1948ರಲ್ಲಿ ಗಾಜಿನ ಬದಲು ಅಗ್ಗದ ಹಾಳೆ ಹೊದಿಸಿ ನೋಡಿದರು. ಹಿಮ ಬೀಳುವ ಊರಿನಲ್ಲಿ ಅದು ವರವಾಯಿತು. ನನ್ನ ತಕರಾರು ಅವರ ಮೇಲಲ್ಲ. ಆ ಊರುಗಳ ತೋಟಗಾರಿಕೆಯ ಪಾಠವನ್ನು ತಿಂಗಳ ಹೆಸರನ್ನೂ ಬದಲಿಸದೆ ನಮಗೆ ಒಪ್ಪಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇಂಗ್ಲೆಂಡಿನಲ್ಲಿ ಟಮಾಟಿ ಸಸಿ ನೆಡುವ ಕಾಲ ಮೇ ತಿಂಗಳು. ಅದನ್ನೇ ನಂಬಿ ನಮ್ಮಲ್ಲಿ ಮೇ ತಿಂಗಳಲ್ಲಿ ಸಸಿ ತಂದವರ ದುಡ್ಡು, ನೀರು, ಉಮೇದು ಮೂರೂ ಹಾಳಾಗುತ್ತವೆ. ಒಮ್ಮೆ ಸೋತವರು ಮತ್ತೆ ಕುಂಡ ಮುಟ್ಟುವುದಿಲ್ಲ.

ಟಮಾಟಿಯ ಕೆಂಪು ಬಣ್ಣ ಲೈಕೋಪೀನ್‌ನದು. ಅದು ಚೆನ್ನಾಗಿ ಕೂಡಿಕೊಳ್ಳುವುದು 20ರಿಂದ 25 ಡಿಗ್ರಿ ಉಷ್ಣತೆಯಲ್ಲಿ. 30 ಡಿಗ್ರಿ ದಾಟಿತೆಂದರೆ ಲೈಕೋಪೀನ್ ತಯಾರಿ ಕುಂಠಿತವಾಗುತ್ತದೆ, ಹಳದಿ ಕೊಡುವ ಕ್ಯಾರೊಟೀನ್ ಮಾತ್ರ ಮುಂದುವರಿಯುತ್ತದೆ. ಆ ಗಿರಾಕಿಯ ಕಾಯಿಗಳು ಹಳದಿಗೆ ನಿಂತದ್ದು ಬಿಸಿಲು ಹೆಚ್ಚಾಗಿ. ಇನ್ನು ಕಾಯಿ ಮೇಲಿನ ಎಲೆ ಕಿತ್ತರೆ ನೇರ ಬಿಸಿಲಿಗೆ ಸಿಕ್ಕ ಮೈ ಬೆಳ್ಳಗೆ ಸುಟ್ಟು, ಮೆತ್ತಗಾಗಿ, ಕೊನೆಗೆ ಕೊಳೆಯುತ್ತದೆ. ಬಲಿತ ಕಾಯಿ ಕತ್ತಲ ಕೋಣೆಯಲ್ಲೂ ಹಣ್ಣಾಗುತ್ತದೆ.

ಹಣ್ಣಾಗುವುದಕ್ಕೂ ಕಾವಿಗೂ ನಂಟು ಕಟ್ಟಿದವರು ನಾವಷ್ಟೇ ಅಲ್ಲ. ಕ್ಯಾಲಿಫೋರ್ನಿಯಾದ ವ್ಯಾಪಾರಿಗಳು ನೂರು ವರ್ಷಗಳ ಹಿಂದೆ ಹಸಿರು ನಿಂಬೆಯನ್ನು ಸೀಮೆಎಣ್ಣೆ ಒಲೆ ಉರಿಸಿದ ಕೋಣೆಗಳಲ್ಲಿಟ್ಟು ಹಳದಿ ಮಾಡುತ್ತಿದ್ದರು. ಬಿಸಿಯಿಂದಲೇ ಬಣ್ಣ ಬರುತ್ತದೆ ಎಂಬುದು ಅವರ ನಂಬಿಕೆ. ಒಲೆ ತೆಗೆದು ಹೊಗೆಯಿಲ್ಲದ ಶಾಖ ಕೊಟ್ಟು ನೋಡಿದರೆ ಕೋಣೆ ಅಷ್ಟೇ ಬೆಚ್ಚಗಿದ್ದರೂ ನಿಂಬೆ ಹಸಿರಾಗಿಯೇ ಉಳಿಯಿತು. ಕೆಲಸ ಮಾಡುತ್ತಿದ್ದದ್ದು ಒಲೆಯ ಹೊಗೆಯಲ್ಲಿದ್ದ ಎಥಿಲೀನ್ ಅನಿಲ ಎಂದು ಅಮೆರಿಕದ ಕೃಷಿ ಇಲಾಖೆಯ ಎಫ್. ಇ. ಡೆನಿ 1924ರಲ್ಲಿ ತೋರಿಸಿಕೊಟ್ಟರು. ಈ ಅನಿಲದ ಸುಳಿವು ಅದಕ್ಕೂ ಮೊದಲೇ ಸಿಕ್ಕಿತ್ತು. ಸೇಂಟ್ ಪೀಟರ್ಸ್‌ಬರ್ಗ್‌ನ ಪ್ರಯೋಗಶಾಲೆಯಲ್ಲಿ ಬಟಾಣಿ ಮೊಳಕೆಗಳು ನೆಟ್ಟಗೆ ಏಳದೆ ಅಡ್ಡಡ್ಡ ಬೆಳೆಯುತ್ತಿದ್ದುದನ್ನು ಕಂಡ ದಿಮಿತ್ರಿ ನೆಲ್ಯುಬೊವ್, ದೀಪಕ್ಕೆ ಉರಿಸುವ ಅನಿಲದಲ್ಲಿದ್ದ ಎಥಿಲೀನೇ ಕಾರಣ ಎಂದು 1901ರಲ್ಲಿ ಬರೆದ. 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್, ಮಾಗುವ ಸೇಬು ತಾನೇ ಎಥಿಲೀನ್ ಬಿಡುತ್ತದೆ ಎಂದು ಸಾಬೀತು ಮಾಡಿದ. ಅಂದರೆ ಒಂದು ಹಣ್ಣು ತಾನು ಮಾಗುತ್ತ ಪಕ್ಕದ ಕಾಯನ್ನೂ ಮಾಗಿಸುತ್ತದೆ.

ಪುಸ್ತಕದ ಈ ಸಂಗತಿ ನಮ್ಮ ಬಾಳೆ ಮಂಡಿಯವರಿಗೆ ಕೈಯ ಅಭ್ಯಾಸವಾಗಿಯೇ ಗೊತ್ತಿತ್ತು. ಬಾಳೆಗೊನೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಹೊಗೆ ಹಾಕುವುದು, ಮಾವನ್ನು ಹುಲ್ಲಿನಲ್ಲಿ ಅಡೆ ಹಾಕುವುದು ಇದೇ ವಿದ್ಯೆ. ಹೊಗೆ ಹೊರಗಿನಿಂದ ಎಥಿಲೀನ್ ತರುತ್ತದೆ, ಹುಲ್ಲು ಒಳಗಿನದನ್ನು ಹಿಡಿದಿಡುತ್ತದೆ. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರ ದಾಟುವಾಗ ನಾವು ಕೊಳ್ಳುವ ಕೆಂಪು ಬಾಳೆಗೆ ಇಂದು ಜಿಐ ಮಾನ್ಯತೆಯಿದೆ. ಬೇರೆ ಬಾಳೆಗಿಂತ ಹೆಚ್ಚು ಕಾಲ ಹೊಲದಲ್ಲಿ ನಿಲ್ಲುವ ಆ ಗೊನೆಯನ್ನೂ ಬಲಿತ ಮೇಲೆ ಕಾಯಿಯಾಗಿಯೇ ಕಡಿದು, ನೆರಳಿನಲ್ಲಿ ಹಣ್ಣು ಮಾಡುತ್ತಾರೆ. ಗಿಡದಲ್ಲೇ ಹಣ್ಣಾಗಲಿ ಎಂದು ಅದನ್ನು ಬಿಸಿಲಿಗೆ ಬಿಟ್ಟು ಯಾರೂ ಕಾಯುವುದಿಲ್ಲ. ಟಮಾಟಿಯೂ ಅದೇ ಜಾತಿಯ ಫಲ, ಕಿತ್ತ ಮೇಲೂ ಮಾಗುತ್ತದೆ. (ಕಾರ್ಬೈಡ್ ಹಾಕುವವರ ಮಾತು ಬೇರೆ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶವಿರುತ್ತದೆ, 2011ರ ಆಹಾರ ಸುರಕ್ಷತಾ ನಿಯಮಗಳು ಅದನ್ನು ನಿಷೇಧಿಸಿವೆ. ಎಥಿಲೀನ್ ಅನಿಲಕ್ಕೆ ಹತ್ತು ಲಕ್ಷದಲ್ಲಿ 100 ಭಾಗದವರೆಗೆ ಅನುಮತಿ ಇದೆ.)

ಹಾಗಾದರೆ ಆ ಗಿರಾಕಿ ಮಾಡಬೇಕಾದದ್ದು ಇಷ್ಟು: ಕಾಯಿಯ ಬುಡದಲ್ಲಿ ನಸುಗೆಂಪು ಕಂಡ ಕೂಡಲೇ ಕಿತ್ತು ಮನೆಯೊಳಗೆ ತರುವುದು. ಆ ಹಂತ ದಾಟಿದ ಮೇಲೆ ಗಿಡದಲ್ಲಿ ಉಳಿದು ಅದು ಪಡೆಯುವುದು ಬಹಳವಿಲ್ಲ. ದಪ್ಪ ಗೋಡೆಯ ಹಳೆಯ ಮನೆಯ ಒಳಕೋಣೆಯಲ್ಲಿ ಶಹಾಬಾದಿ ಕಲ್ಲಿನ ನೆಲದ ಮೇಲೆ, ಬುಟ್ಟಿಯಲ್ಲಿ, ಒಂದು ಮಾಗಿದ ಕಮಲಾಪುರದ ಬಾಳೆಹಣ್ಣಿನ ಜೊತೆ ಇಟ್ಟರೆ ಸಾಕು. ಫ್ರಿಜ್ ಬೇಡ. 10-12 ಡಿಗ್ರಿಗಿಂತ ಕೆಳಗೆ ಮಾಗುವಿಕೆ ನಿಲ್ಲುತ್ತದೆ, ರುಚಿಯೂ ಕೆಡುತ್ತದೆ.

ಇಲ್ಲಿಗೆ ಮುಗಿಸೋಣವೆಂದುಕೊಂಡಾಗ ಒಂದು ಲೆಕ್ಕ ಅಡ್ಡ ಬಂತು. ಹೂವು ಕಾಯಿಯಾಗಿ, ಬಲಿತು, ಬಣ್ಣ ತಿರುಗಲು ಒಂದೂವರೆ ಎರಡು ತಿಂಗಳು ಬೇಕು. ಮಾರ್ಚ್‌ನಲ್ಲಿ ಹಳದಿಗೆ ನಿಂತ ಆ ಕಾಯಿಗಳು ಜನವರಿಯ ಹೂವಿನವು. ಈಗ ಗಿಡದ ತುದಿಯಲ್ಲಿರುವ ಹೂವುಗಳ ಗತಿ ಏನು? ರಾತ್ರಿಯ ಉಷ್ಣತೆ 22-24 ಡಿಗ್ರಿಗಿಂತ ಕೆಳಗಿಳಿಯದಿದ್ದರೆ, ಹಗಲು 35 ಮೀರಿದರೆ, ಪರಾಗ ಕೆಟ್ಟು ಹೂ ಉದುರುತ್ತದೆ. ಏಪ್ರಿಲ್ ಹೊತ್ತಿಗೆ ನಮ್ಮ ರಾತ್ರಿಗಳು ಆ ಗೆರೆ ದಾಟಿರುತ್ತವೆ. ಕಾಯಿಯೇ ಕಟ್ಟದಿದ್ದಾಗ ಕೆಂಪಾಗಿಸುವ ಚರ್ಚೆ ಯಾತಕ್ಕೆ? ನರ್ಸರಿಯಲ್ಲಿ ಯಾರಾದರೂ ಕೇಳಬೇಕಿದ್ದದ್ದು ಬೀಜ ಯಾವ ತಿಂಗಳು ಹಾಕಿದಿರಿ ಎಂಬ ಪ್ರಶ್ನೆ. ನಾನೂ ಇಷ್ಟು ಹೊತ್ತು ಎಥಿಲೀನ್ ಹಿಂದೆ ನಡೆದೆ, ನಮ್ಮ ಊರಿನ ಪ್ರಶ್ನೆ ಪಂಚಾಂಗದ್ದು.

ಆಗಸ್ಟ್‌ನಲ್ಲಿ ಸಸಿ ಮಡಿ ಮಾಡಿ ಸೆಪ್ಟೆಂಬರ್‌ನಲ್ಲಿ ನಾಟಿ ಮಾಡಿದರೆ, ಹೂ ಬಿಡುವ ಹೊತ್ತಿಗೆ ರಾತ್ರಿಗಳು ತಂಪಾಗಿರುತ್ತವೆ, ಹಣ್ಣು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಿಗುತ್ತದೆ. ಪ್ಲಾಸ್ಟಿಕ್ ಮನೆಗೂ ಆಗ ಅರ್ಥ ಬರುತ್ತದೆ, ಆದರೆ ಕಾವಿಗಾಗಿ ಅಲ್ಲ. ಸೆಪ್ಟೆಂಬರ್ ಮಳೆಯಲ್ಲಿ ಎಲೆ ತೊಯ್ದರೆ, ಮಣ್ಣು ಸಿಡಿದರೆ ಅಂಗಮಾರಿ ರೋಗ ಹಬ್ಬುತ್ತದೆ. 200 ಮೈಕ್ರಾನ್ ಹಾಳೆ ಮೇಲ್ಛಾವಣಿಗೆ ಮಾತ್ರ ಇರಲಿ. ಸುತ್ತಲೂ ಗಾಳಿ ಆಡುವ ಕೀಟತಡೆ ಜಾಲರಿ ಕಟ್ಟಿದರೆ ಎಲೆಮುಟುರು ನಂಜು ಹೊತ್ತು ತರುವ ಬಿಳಿನೊಣ ಒಳಗೆ ಬರುವುದಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ನಂಜನ್ನೂ, ಸೊರಗು ರೋಗವನ್ನೂ, ಅಂಗಮಾರಿಯನ್ನೂ ತಡೆದುಕೊಳ್ಳುವಂಥದು, ಅದನ್ನೇ ಕೇಳಿ ತರುವುದು ಒಳ್ಳೆಯದು.

ಜಾಲರಿ ಕಟ್ಟಿದವರು ಒಂದು ಕೆಲಸ ಮರೆಯಬಾರದು. ಟಮಾಟಿ ಹೂವಿನ ಪರಾಗ ಸಣ್ಣ ರಂಧ್ರವಿರುವ ಚೀಲದಲ್ಲಿರುತ್ತದೆ, ಅಲುಗಿಸದೆ ಉದುರುವುದಿಲ್ಲ. ಬಯಲಿನಲ್ಲಿ ಗಾಳಿ ಆ ಕೆಲಸ ಮಾಡುತ್ತದೆ, ರೆಕ್ಕೆಯ ಸ್ನಾಯು ನಡುಗಿಸಿ ಗುಂಯ್ಗುಡುವ ದುಂಬಿಯೂ ಮಾಡುತ್ತದೆ. ಜೇನುನೊಣಕ್ಕೆ ಆ ವಿದ್ಯೆ ಇಲ್ಲ. ಜಾಲರಿಯೊಳಗೆ ಗಾಳಿಯೂ ಕಡಿಮೆ, ದುಂಬಿಯೂ ಇಲ್ಲ. ಆದ್ದರಿಂದ ಬೆಳಗಿನ ಇಬ್ಬನಿ ಆರಿದ ಮೇಲೆ ಗಿಡ ಕಟ್ಟಿದ ದಾರವನ್ನು ಬೆರಳಿನಿಂದ ತಟ್ಟುತ್ತ ಹೋಗಬೇಕು.

ಮಾರ್ಚ್‌ನಲ್ಲಿ ಮಾಳಿಗೆ ಮೇಲೆ ಗಿಡ ಉಳಿದಿದ್ದವರು ಹಾಳೆ ತೆಗೆದು 50 ಪ್ರತಿಶತದ ನೆರಳುಪರದೆ ಹಾಕಲಿ, ಎಲೆ ಕೀಳದಿರಲಿ. ಉಳಿದ ಕಾಯಿಗಳಲ್ಲಿ ಒಂದನ್ನು ಅಡ್ಡ ಕೊಯ್ದು ನೋಡಿ. ಬೀಜದ ಸುತ್ತ ಲೋಳೆ ತುಂಬಿ, ಚಾಕುವಿಗೆ ಬೀಜ ಜಾರಿದರೆ ಕಾಯಿ ಬಲಿತಿದೆ, ಅಂಥವನ್ನು ಬಾಳೆಹಣ್ಣಿನ ಬುಟ್ಟಿಗೆ ಹಾಕಿ. ಬೀಜವೇ ಕತ್ತರಿಸಿದರೆ ಅದು ಎಳೆಯದು, ಯಾವ ಬಾಳೆಯೂ ಅದನ್ನು ಸರಿಯಾಗಿ ಹಣ್ಣು ಮಾಡಲಾರದು. ಅಂಥವು ಹಸಿಮೆಣಸಿನಕಾಯಿ, ಹುರಿದ ಶೇಂಗಾ, ಬೆಳ್ಳುಳ್ಳಿ ಜೊತೆ ಕುಟ್ಟಿದ ಚಟ್ನಿಯಾಗಿ ಜೋಳದ ರೊಟ್ಟಿಗೆ ಆಗುತ್ತವೆ.