ಕೋವಿಯ ಗುರಿ ತಪ್ಪುವುದೇಕೆ?

ದೇಲಂಪಾಡಿ, ಕಾರಡ್ಕ, ಎಣ್ಮಕಜೆಯಂಥ ಗುಡ್ಡದ ಬದಿಯ ಪಂಚಾಯತುಗಳಲ್ಲಿ ಕಾಡುಹಂದಿಯ ಉಪದ್ರವ ಹೊಸತಲ್ಲ. ಮರಗೆಣಸು, ಬಾಳೆ, ಎಳೆಯ ಅಡಿಕೆ ಗಿಡ - ರಾತ್ರಿ ಬೆಳಗಾಗುವುದರೊಳಗೆ ಎಲ್ಲವೂ ಬುಡಮೇಲು. 2022ರ ಮೇ ತಿಂಗಳಲ್ಲಿ ಕೇರಳ ಸರಕಾರವು ಪಂಚಾಯತು ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಅಧಿಕಾರ ನೀಡಿ, ಉಪದ್ರವ ಕೊಡುವ ಹಂದಿಯನ್ನು ಲೈಸೆನ್ಸ್ ಇರುವ ಕೋವಿದಾರರಿಂದ ಕೊಲ್ಲಿಸುವ ದಾರಿ ತೆರೆಯಿತು. ವಿಷ, ಸಿಡಿಮದ್ದು, ಕರೆಂಟು ಕೂಡದು ಎಂಬುದು ಷರತ್ತು. ಅಂದಮೇಲೆ ಭಾರವೆಲ್ಲ ಕೋವಿಯ ಮೇಲೆಯೇ.

ಆದರೆ ಆ ಕೋವಿಯ ಅವಸ್ಥೆ ಏನು? ವರ್ಷದ ಹೆಚ್ಚಿನ ಕಾಲ ಅಟ್ಟದಲ್ಲಿ, ಚುನಾವಣೆ ಬಂದರೆ ಪೊಲೀಸ್ ಠಾಣೆಯಲ್ಲಿ. ಮೇಲಿಂದ ಕರಾವಳಿಯ ಮಳೆಗಾಲ. ಒಂದು ದಿನ ಇಟ್ಟಲ್ಲಿಗೇ ಬಿದ್ದ ಈಡು ಮರುದಿನ ಮೊಳ ದೂರ. "ಕೈ ಸರಿ ಇಲ್ಲ ಮಾರಾಯ್ರೇ" ಎಂದು ನಗುವವರಿದ್ದಾರೆ. ಗಾಯಗೊಂಡು ಪೊದೆ ಸೇರಿದ ಹಂದಿ ಬೆಳಿಗ್ಗೆ ಸೊಪ್ಪಿಗೆ ಹೋದವರ ಮೇಲೆ ಎರಗಿದರೆ ಅದು ನಗುವ ಮಾತಲ್ಲ. ಗುರಿ ತಪ್ಪಿದ ರೈಫಲ್ ಗುಂಡು ಕಿಲೋಮೀಟರಿಗಿಂತ ಆಚೆಗೂ ಜೀವ ತೆಗೆಯಬಲ್ಲದು. ನಮ್ಮಲ್ಲಿ ತೋಟದಾಚೆ ಮತ್ತೊಂದು ಮನೆ ಇದ್ದೇ ಇರುತ್ತದೆ.

0.315 ಬೋರಿನಂಥ ದೊಡ್ಡ ರೈಫಲಿನಲ್ಲಿ ದೋಷ ಹುಡುಕುವುದಕ್ಕೂ ಒಂದು ಕ್ರಮವಿದೆ. ಕೋವಿ ಖಾಲಿ ಇದೆಯೆಂದು ಎರಡು ಸಲ ನೋಡಿದ ಮೇಲೆಯೇ ಮುಂದಿನ ಕೆಲಸ. ಮೊದಲು ಸ್ಕ್ರೂಗಳು. ಪ್ರತಿ ಈಡಿನ ಒದೆತಕ್ಕೆ ಮರದ ಹಿಡಿಯ ಸ್ಕ್ರೂ, ದುರ್ಬೀನಿನ ಕ್ಲಾಂಪು ಸಡಿಲವಾಗುತ್ತವೆ. ಮಳೆಗೆ ಉಬ್ಬಿದ ಮರ ನಳಿಗೆಯನ್ನು ಒತ್ತಿದರೂ ಗುರಿ ಸರಿಯುತ್ತದೆ. ಎರಡನೆಯದು ನಳಿಗೆ. ಒಳಗಿನ ತುಕ್ಕು, ಅಂಟಿದ ಲೋಹದ ಕಿಟ್ಟ, ಬಾಯಂಚಿನ ಸಣ್ಣ ಪೆಟ್ಟು ಸಾಕು ಗುಂಡಿನ ದಾರಿ ತಪ್ಪಿಸಲು. ಎಣ್ಣೆ ಒರೆಸದ ನಳಿಗೆಯ ಮೊದಲ ಈಡು ಬೇರೆ ಕಡೆ ಹೋಗುವುದುಂಟು. ಮೂರನೆಯದು ತೋಟೆ. ಬೇರೆ ಬೇರೆ ವರ್ಷದ, ಬೇರೆ ಬೇರೆ ಪೆಟ್ಟಿಗೆಯ ತೋಟೆ ಬೆರೆಸಿ ಹೊಡೆದು ಕೋವಿಯನ್ನು ದೂರುವುದು ಸರಿಯಲ್ಲ.

ಕೊನೆಯದು ಹೊಡೆಯುವವನ ಭುಜ. ದೊಡ್ಡ ಕೋವಿಯ ಒದೆತಕ್ಕೆ ಹೆದರಿ ಕುದುರೆ ಎಳೆಯುವ ಮೊದಲೇ ಮೈ ಬೆಚ್ಚುತ್ತದೆ. ನಡುವೆ ಒಂದು ಡಮ್ಮಿ ತೋಟೆ ಹಾಕಿಸಿದರೆ ಗುಟ್ಟು ರಟ್ಟು: ಈಡು ಹಾರದಿದ್ದರೂ ನಳಿಗೆ ಕುಣಿಯುತ್ತದೆ. ಪರೀಕ್ಷೆಯಲ್ಲಿ ನಳಿಗೆಯನ್ನಲ್ಲ, ಮುಂಗೈಯ ಮರವನ್ನು ಮರಳಚೀಲದ ಮೇಲಿಡಬೇಕು. ಮೂರು ಈಡಿನ ಬಳಿಕ ನಳಿಗೆ ತಣಿಯಬೇಕು. ಒಮ್ಮೆಗೆ ಒಂದನ್ನೇ ಬದಲಾಯಿಸಬೇಕು. ಎಲ್ಲ ಒಟ್ಟಿಗೆ ತಿರುಗಿಸಿದರೆ ತಪ್ಪು ಎಲ್ಲಿತ್ತೆಂದು ಗೊತ್ತಾಗುವುದೇ ಇಲ್ಲ.

ಇದನ್ನೆಲ್ಲ ರೈತ ಎಲ್ಲಿ ಮಾಡಬೇಕು? ಹಿತ್ತಿಲಲ್ಲಿ ಈಡು ಹಾರಿಸುವಂತಿಲ್ಲ. ರಿಪೇರಿಗೆ ಲೈಸೆನ್ಸ್ ಇರುವ ಕೆಲಸಗಾರನೇ ಬೇಕು. ಲೈಸೆನ್ಸಿನಲ್ಲಿ ಬರೆದಿರುವ ತೋಟೆಯ ಲೆಕ್ಕದಲ್ಲಿ ಪರೀಕ್ಷೆಗೆಂದು ಕಳೆಯಲು ಯಾರಿಗೂ ಮನಸ್ಸಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಪೊಲೀಸ್ ಗುರಿಮೈದಾನದಲ್ಲಿ, ಬಲ್ಲವರ ಎದುರು, ಹಂದಿ ಹೊಡೆಯಲು ಒಪ್ಪಿದ ಕೋವಿಗಳ ಪರೀಕ್ಷೆ ನಡೆಯಲಿ. ಅದಕ್ಕೆ ಬೇಕಾದ ತೋಟೆಯನ್ನು ಲೆಕ್ಕದಿಂದ ಬಿಡಲಿ. ನಿಬಂಧನೆಗಳು ಗಡಿಯ ರೈತನಿಗೆ ಕನ್ನಡದಲ್ಲೂ ಸಿಗಲಿ.

ಹೊಡೆಯಲು ಅನುಮತಿ ಕೊಟ್ಟರೆ ಸಾಲದು. ಕೊಟ್ಟ ಈಡು ಇಟ್ಟಲ್ಲಿಗೇ ಬೀಳುವಂತೆ ನೋಡುವುದೂ ಕೊಟ್ಟವರ ಹೊಣೆಯಲ್ಲವೇ?