ಮರೆಮಾತಿನ ತಲಾಖ್

"ತವರಿಗೆ ಹೋಗು" ಎಂದು ಕೋಪದ ಭರದಲ್ಲಿ ಹೆಂಡತಿಗೆ ಒಮ್ಮೆಯೂ ಹೇಳದ ಗಂಡಂದಿರು ನಮ್ಮ ದೇಶದ ಯಾವ ಮತದಲ್ಲಿಯೂ ವಿರಳರೆಂದೇ ಹೇಳಬೇಕು. ಸಂಜೆಯ ಹೊತ್ತಿಗೆ ಕೋಪವಿಳಿದು ಮಾತು ಮರೆತುಹೋಗುವುದು. ಇಸ್ಲಾಮೀ ಧರ್ಮಶಾಸ್ತ್ರದಲ್ಲಾದರೋ ಇಂತಹ ಮಾತುಗಳಿಗೆ ಒಂದು ಪ್ರತ್ಯೇಕ ಪ್ರಕರಣವೇ ಇರುವುದು. ತಲಾಖ್ ಎಂಬ ಪದವನ್ನೇ ನುಡಿದರೆ ಅದು ಸರೀಹ್, ಎಂದರೆ ಸ್ಪಷ್ಟೋಕ್ತಿ. "ನಿನ್ನವರನ್ನು ಹೋಗಿ ಸೇರು" ಎಂಬುದು, ಹಗ್ಗವನ್ನು ಹೆಗಲ ಮೇಲೆಸೆದು ಒಂಟೆಯನ್ನು ಮೇಯಬಿಡುವ ಅರಬರ ವಾಡಿಕೆಯಿಂದ ಹುಟ್ಟಿದ "ನಿನ್ನ ಹಗ್ಗ ನಿನ್ನ ಹೆಗಲ ಮೇಲೆ" ಎಂಬುದು, ಇವೇ ಮೊದಲಾದ ಎರಡರ್ಥದ ನುಡಿಗಳು ಕಿನಾಯಾ, ಎಂದರೆ ಮರೆಮಾತು. ಸ್ಪಷ್ಟೋಕ್ತಿಯಲ್ಲಿ ಹನಫೀ ಪಂಡಿತರು ಉದ್ದೇಶವನ್ನು ವಿಚಾರಿಸುವುದಿಲ್ಲ. ಮರೆಮಾತಿಗೆ ಉದ್ದೇಶವೇ, ಅಂದರೆ ನಿಯ್ಯತ್ತೇ, ಜೀವ.

ಈ ಭೇದವನ್ನು ಕಲ್ಪಿಸಿದವರ ವಿವೇಕವನ್ನು ನಾವು ಲಘುವಾಗಿ ಎಣಿಸುವವರಲ್ಲ. ತಬೂಕ್ ದಂಡಯಾತ್ರೆಗೆ ಹೋಗದೆ ಉಳಿದ ಕಅಬ್ ಇಬ್ನ್ ಮಾಲಿಕರಿಗೆ ಪತ್ನಿಯಿಂದ ದೂರವಿರಬೇಕೆಂಬ ಆಜ್ಞೆಯಾದಾಗ, ತವರಿನವರ ಬಳಿಗೆ ಹೋಗೆಂದು ಅವರು ಆಕೆಗೆ ಹೇಳಿದರು. ಬಿಡುವ ಮನಸ್ಸಿರಲಿಲ್ಲವಾದುದರಿಂದ ಅದು ತಲಾಖ್ ಆಗಲಿಲ್ಲ. ರುಕಾನಾ ಎಂಬಾತನು "ಅಲ್‌ಬತ್ತ" ಎಂಬ ಪದದಿಂದ ಪತ್ನಿಯನ್ನು ಬಿಟ್ಟಾಗ, ಎಷ್ಟು ತಲಾಖನ್ನು ಉದ್ದೇಶಿಸಿದೆಯೆಂದು ಪ್ರವಾದಿಗಳು ಅವನನ್ನು ಕೇಳಿ, ಒಂದೇ ಎಂಬುದಕ್ಕೆ ಪ್ರಮಾಣ ಪಡೆದು, ಆಕೆಯನ್ನು ಅವನಿಗೆ ಮರಳಿಸಿದರೆಂದು ಹದೀಸ್ ಗ್ರಂಥಗಳಲ್ಲಿ ಬಂದಿದೆ. ನಾಲಿಗೆ ಜಾರಿದ ಮಾತ್ರಕ್ಕೆ ಸಂಸಾರ ಮುರಿಯಬಾರದೆಂಬುದೇ ಇದರ ತಾತ್ಪರ್ಯ.

ಕಾಲಕ್ರಮದಲ್ಲಿ ಪಂಗಡಗಳ ನಡುವೆ ಅಭಿಪ್ರಾಯಭೇದಗಳು ಬೆಳೆದುವು. ಹನಫೀ ಪಂಡಿತರು ಕೆಲವು ಮರೆಮಾತುಗಳಿಗೆ ಕೋಪ, ತಲಾಖಿನ ಪ್ರಸ್ತಾಪ ಮೊದಲಾದ ಸಂದರ್ಭವನ್ನೇ ಉದ್ದೇಶದ ಸ್ಥಾನದಲ್ಲಿ ನಿಲ್ಲಿಸುವರು; ಶಾಫೀ ಪಂಡಿತರು ಅದನ್ನೊಪ್ಪರು. ಹನಫೀ ಪದ್ಧತಿಯಲ್ಲಿ ಬಹುಪಾಲು ಮರೆಮಾತುಗಳಿಂದ ಒದಗುವುದು ಬಾಯಿನ್ ತಲಾಖ್; ಹೊಸ ನಿಕಾಹ್ ಇಲ್ಲದೆ ಗಂಡನು ಆಕೆಯನ್ನು ಮರಳಿ ಪಡೆಯುವಂತಿಲ್ಲ. ಶಾಫೀ ಪದ್ಧತಿಯಲ್ಲಿ ಸಾಮಾನ್ಯವಾಗಿ ಇದ್ದತ್ ಮುಗಿಯುವುದರೊಳಗೆ ಹಿಂತೆಗೆಯಬಹುದು. ಭಟ್ಕಳದ ನವಾಯತರು ಶಾಫಿಗಳು, ಬೆಂಗಳೂರು ಮೈಸೂರುಗಳ ಮುಸಲ್ಮಾನರಲ್ಲಿ ಹೆಚ್ಚಿನವರು ಹನಫಿಗಳು. ಒಂದೇ ಮಾತಿಗೆ ಘಟ್ಟದ ಕೆಳಗೊಂದು ಫಲ, ಮೇಲೊಂದು ಫಲವೆಂದಾಯಿತು!

ಇದನ್ನಾದರೂ ಸಹಿಸಬಹುದು. ನಾವು ಆಕ್ಷೇಪಿಸುವುದು ಬೇರೊಂದನ್ನು. ನುಡಿದವನು ಗಂಡ, ನುಡಿಯ ಅರ್ಥವನ್ನು ಬಲ್ಲವನೂ ಅವನೊಬ್ಬನೇ. ಜೀವನಾಂಶದ ಅರ್ಜಿ ಬಂದಾಗ "ಅಂದೇ ಬಿಟ್ಟಿದ್ದೆನು" ಎನ್ನಲೂ, ಆಕೆ ತೀರಿಕೊಂಡು ಆಸ್ತಿಯ ಪಾಲಿನ ಮಾತು ಬಂದಾಗ "ಬಿಡುವ ಉದ್ದೇಶವಿರಲಿಲ್ಲ" ಎನ್ನಲೂ ಅವನಿಗೆ ಅವಕಾಶವುಂಟು. ತಾನು ಪತ್ನಿಯೋ ಅಲ್ಲವೋ ಎಂಬುದನ್ನು ಆಕೆ ಮಾತ್ರ ಅವನ ಎದೆಯೊಳಗೆ ಇಣಿಕಿ ತಿಳಿಯಬೇಕು. ಸ್ಪಷ್ಟೋಕ್ತಿಯಲ್ಲಿ ಇದರ ವಿಪರೀತವನ್ನು ಕಾಣುತ್ತೇವೆ. 1932ರ ರಶೀದ್ ಅಹಮದ್ ಮೊಕದ್ದಮೆಯಲ್ಲಿ, ಮೂರು ಸಲ ತಲಾಖ್ ಎಂದವನಿಗೆ ನಿಜವಾಗಿ ಬಿಡುವ ಉದ್ದೇಶವಿರಲಿಲ್ಲವೆಂಬ ವಾದವನ್ನು ಪ್ರಿವಿ ಕೌನ್ಸಿಲ್ ಲೆಕ್ಕಕ್ಕೆ ತಂದುಕೊಳ್ಳಲಿಲ್ಲ. ಆಮೇಲೆ ದಂಪತಿಗಳು 15 ವರ್ಷ ಕೂಡಿ ಬಾಳಿ ಪಡೆದ 5 ಮಕ್ಕಳು ಔರಸರಲ್ಲವೆಂದಾಯಿತು.

ಹಿಂದೆಂದೋ ತಲಾಖ್ ಕೊಟ್ಟೆನೆಂದು ಲಿಖಿತ ಹೇಳಿಕೆಯಲ್ಲಿ ಬರೆದ ಮಾತ್ರಕ್ಕೆ ಸಾಲದು, ಕೊಟ್ಟುದನ್ನು ರುಜುವಾತುಪಡಿಸಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ಶಮೀಮ್ ಆರಾ ಮೊಕದ್ದಮೆಯಲ್ಲಿ ವಿಧಿಸಿತು. 2017ರಲ್ಲಿ ಒಂದೇ ಉಸಿರಿನ ತ್ರಿವಳಿ ತಲಾಖನ್ನು ತಳ್ಳಿಹಾಕಿತು. 2019ರ ಕಾಯಿದೆಯು ಅದನ್ನೂ, ಅದರಂತೆ ತತ್‌ಕ್ಷಣವೇ ಹಿಂತೆಗೆಯಲಾಗದ ಹಾಗೆ ವಿವಾಹವನ್ನು ಮುರಿಯುವ ಇತರ ರೂಪಗಳನ್ನೂ ಶೂನ್ಯವೆಂದಿತು. ಮರೆಮಾತಿನ ಬಾಯಿನ್ ತಲಾಖ್ ಈ ಪದಗಳೊಳಗೆ ಬರತಕ್ಕದ್ದೆಂದೇ ನಮ್ಮ ಅಭಿಪ್ರಾಯ. ಆದರೆ ಕಾಯಿದೆ ಅದನ್ನು ಹೆಸರಿಸಿ ಹೇಳಿಲ್ಲ. 2022ರಲ್ಲಿ ಕರ್ನಾಟಕದ ಮಹಿಳೆಯೊಬ್ಬರು ಕಿನಾಯಾ, ಬಾಯಿನ್ ಎಂಬ ಈ ರೂಪಗಳನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋದುದನ್ನು ನೋಡಿದರೆ, ಸಂದೇಹವು ನಮಗೊಬ್ಬರಿಗೇ ಬಂದುದಲ್ಲವೆಂಬುದು ಸ್ಪಷ್ಟ.

ಕಾಜಿಗಳೂ ಶಾಸನಕರ್ತರೂ ರುಕಾನಾನ ಪ್ರಸಂಗವನ್ನೇ ಮೇಲ್ಪಂಕ್ತಿಯಾಗಿ ಇಟ್ಟುಕೊಳ್ಳಲಿ. ಮರೆಮಾತಾಡಿದವನನ್ನು ಗೊತ್ತಾದ ಅವಧಿಯೊಳಗೆ, ಪತ್ನಿಯ ಸಮಕ್ಷಮದಲ್ಲಿ ಪ್ರಶ್ನಿಸಿ, ಪ್ರಮಾಣಪೂರ್ವಕವಾದ ಉತ್ತರವನ್ನು ಬರಹದಲ್ಲಿ ಪಡೆಯತಕ್ಕದ್ದು. ಉದ್ದೇಶವಿತ್ತೆಂದು ಅವನು ಹೇಳಿದರೂ ಅದನ್ನು ಹಿಂತೆಗೆಯಬಹುದಾದ ಒಂದೇ ತಲಾಖ್ ಎಂದು ಎಣಿಸತಕ್ಕದ್ದು. ಅವಧಿ ಮೀರಿದ ಮೇಲೆ ನೆನಪಿಗೆ ಬಂದ ಉದ್ದೇಶವನ್ನು ಯಾವ ನ್ಯಾಯಸ್ಥಾನವೂ ಆಲಿಸಕೂಡದು.