ಹಳೆಯ ಬಸ್ಸಿನ ಪುನರುಜ್ಜೀವನ

ಹೆದ್ದಾರಿಯ ಸೇವಾವಧಿಯನ್ನು ಮುಗಿಸಿ ಯಾವುದೋ ಹೊಲದಂಚಿನಲ್ಲಿ ನಿಂತುಬಿಟ್ಟ ಬಸ್ಸುಗಳನ್ನು ಕೊಂಡು, ಅವನ್ನು ಸಂಚಾರೀ ಗೃಹಗಳನ್ನಾಗಿ ಮಾರ್ಪಡಿಸುವ ಅಮೆರಿಕದ ಉತ್ಸಾಹಿಗಳಲ್ಲಿ, ಜನರಲ್ ಮೋಟಾರ್ಸ್ ಸಂಸ್ಥೆಯು 1953ರಿಂದ 1960ರವರೆಗೆ ನಿರ್ಮಿಸಿದ ಪಿಡಿ-4104 ಎಂಬ ಬಸ್ಸಿಗೆ ಇಂದಿಗೂ ಸಲ್ಲುತ್ತಿರುವ ಆದರವು ಅತ್ಯಂತ ಯುಕ್ತವಾದುದೆಂದೇ ನನ್ನ ಭಾವನೆ. 35 ಅಡಿ ಉದ್ದದ ಆ ವಾಹನದಲ್ಲಿ ರಿವೆಟ್ ಹೊಡೆದು ಜೋಡಿಸಿದ ಅಲ್ಯೂಮಿನಿಯಂ ಹೊದಿಕೆಯೂ ಭಾರವನ್ನು ಹೊರುವುದರಿಂದ, ಹೊಸ ಕಿಟಕಿಗೆಂದು ಅದನ್ನು ಮನಬಂದಂತೆ ಕತ್ತರಿಸುವುದು ಅದರ ಅಸ್ಥಿಯನ್ನೇ ಛೇದಿಸಿದಂತೆ. ಆದರೆ ಕೊಂಡವನ ವಿವೇಕಕ್ಕೆ ನಿಜವಾದ ಪರೀಕ್ಷೆಯೊಡ್ಡುವುದು ಹಿಂಭಾಗದಲ್ಲಿ ಅಡ್ಡಲಾಗಿ ಕುಳಿತಿರುವ, ಆರು ಸಿಲಿಂಡರುಗಳ, ಟೂ-ಸ್ಟ್ರೋಕ್ ಡೆಟ್ರಾಯಿಟ್ ಡೀಸೆಲ್ 6-71 ಎಂಜಿನ್. ವರ್ಷಗಟ್ಟಲೆ ನಿಶ್ಚಲವಾಗಿದ್ದ ಎಂಜಿನ್ನಿನಲ್ಲಿ, ಇಂಧನದ ಪ್ರಮಾಣವನ್ನು ನಿಯಂತ್ರಿಸುವ ಇಂಜೆಕ್ಟರಿನ ಹಲ್ಲುಪಟ್ಟಿಯು ಪೂರ್ಣ ಇಂಧನದ ಸ್ಥಾನದಲ್ಲಿಯೇ ಬಿಗಿದುಕೊಂಡಿದ್ದರೆ, ಅವಸರದಿಂದ ಚಾಲನೆಯಿತ್ತ ಮರುಕ್ಷಣವೇ ಅದು ಲಂಗುಲಗಾಮಿಲ್ಲದೆ ವೇಗವನ್ನೇರಿಸಿಕೊಳ್ಳುತ್ತ ಹೋಗಿ, ತನ್ನನ್ನು ತಾನೇ ಧ್ವಂಸಗೊಳಿಸಿಕೊಂಡೀತು. ಕೀಲಿಯನ್ನು ತಿರುಗಿಸಿದ ಮಾತ್ರಕ್ಕೆ ಆಗ ಅದು ನಿಲ್ಲಲಾರದು. ಆದುದರಿಂದ ಬಲ್ಲವರು ಮೊದಲು ಮೇಲಿನ ಮುಚ್ಚಳವನ್ನು ತೆಗೆದು, ಪ್ರತಿಯೊಂದು ಪಟ್ಟಿಯೂ ಬೆರಳಿನ ಒತ್ತಡಕ್ಕೆ ಸರಾಗವಾಗಿ ಸರಿಯುವುದೇ ಎಂದು ಪರೀಕ್ಷಿಸಿ, ಎಂಜಿನ್ ಹತೋಟಿ ತಪ್ಪಿದರೆ ಗಾಳಿಯ ಪ್ರವೇಶದ್ವಾರವನ್ನು ಮುಚ್ಚಿ ಅದನ್ನು ನಿಲ್ಲಿಸಿಬಿಡಲು ಸಹಾಯಕನೊಬ್ಬನು ಹಲಗೆ ಹಿಡಿದು ಸಿದ್ಧನಾಗಿ ನಿಂತ ಬಳಿಕವೇ ಚಾಲನೆ ಕೊಡುತ್ತಾರೆ. ಹಲವು ವರ್ಷಗಳ ಮೌನವನ್ನು ಭೇದಿಸಿಕೊಂಡು ಆ ಆರು ಸಿಲಿಂಡರುಗಳೂ ಸಮಗತಿಯಲ್ಲಿ ಗರ್ಜಿಸುವುದನ್ನು ಕೇಳಬೇಕು. ಹಾಸಿಗೆ, ಒಲೆ, ನೀರಿನ ತೊಟ್ಟಿಗಳ ಚಿಂತೆಯೆಲ್ಲ ಅನಂತರದ್ದು.